ವಾಹನ ವಿಚಾರ: ದೀಪ ಆರಿಸಿದರೆ ರೋಗ ವಾಸಿಯಾದೀತೆ?

ಕಾರಿನ ನಿಜಗುಣವನ್ನು ಅರಿಯಬೇಕಾದರೆ ಪಟ್ಟಣದ ನುಣುಪು ಬೀದಿಯಲ್ಲಿ ಅದನ್ನು ಓಡಿಸಿ ನೋಡಿದರೆ ಸಾಲದು; ಒಮ್ಮೆ ಕೊಳ್ಳೇಗಾಲದ ಸೀಮೆಗೆ ಕರೆದೊಯ್ಯಬೇಕು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮೇಲೆ ಬರುವ 948ನೆಯ ರಾಷ್ಟ್ರೀಯ ಹೆದ್ದಾರಿಯು ಕೊಳ್ಳೇಗಾಲವನ್ನು ಹಾದು, ಯಳಂದೂರಿನ ಮೂಲಕ ಚಾಮರಾಜನಗರದತ್ತ ಸಾಗುತ್ತದೆ. ಯಳಂದೂರಿನಲ್ಲಿ ಕವಲೊಡೆದ ದಾರಿ ಬಿಳಿಗಿರಿರಂಗನ ಬೆಟ್ಟವನ್ನು ಏರುತ್ತದೆ. ಇತ್ತ ಕೊಳ್ಳೇಗಾಲದಿಂದಲೇ ಹೊರಟ ಇನ್ನೊಂದು ದಾರಿ ಹನೂರು, ಕೌದಳ್ಳಿಗಳನ್ನು ದಾಟಿ, ತಾಳಬೆಟ್ಟದ ಬಳಿ ಘಟ್ಟ ಹಿಡಿದು, ಮಲೆಮಹದೇಶ್ವರನ ಸನ್ನಿಧಿಯನ್ನು ಮುಟ್ಟುತ್ತದೆ. ಹೆದ್ದಾರಿಯ ವೇಗ, ಊರು ಬಂದಲ್ಲಿ ರಸ್ತೆಯುಬ್ಬು, ಮಳೆಗಾಲ ಮುಗಿದ ಮೇಲೆ ಉಳಿಯುವ ಗುಂಡಿ, ಕಾಡಿನ ನಡುವಣ ಏರು, ಘಟ್ಟದ ಮುರಿವು: ಇವೆಲ್ಲವೂ ಒಂದೇ ದಿನದ ಪ್ರಯಾಣದಲ್ಲಿ ಎದುರಾಗುತ್ತವೆ.

ಇಂತಹ ದಾರಿಯಲ್ಲಿ ಕಾರಿನ ಎಂಜಿನ್ನಿಗಿಂತಲೂ ಹೆಚ್ಚಾಗಿ ಪರೀಕ್ಷೆಗೆ ಒಳಗಾಗುವ ಅಂಗವೊಂದುಂಟು. ಅದೇ ಶಾಕ್‌ಅಬ್ಸಾರ್ಬರು. ಚಕ್ರದ ಹಿಂದೆ ಧೂಳು ಮೆತ್ತಿಕೊಂಡು ಅಡಗಿರುವ ಈ ಉರುಳೆಯನ್ನು ಮನೆಮಂದಿ ಕಂಡಿರುವುದು ಅಪರೂಪ. ಆದರೆ ಅವರ ಸುಖವೂ ಕ್ಷೇಮವೂ ಬಹುಮಟ್ಟಿಗೆ ಅದನ್ನೇ ಆಶ್ರಯಿಸಿವೆ.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳು ಎರಡನೆಯ, ಮೂರನೆಯ ಕೈಗೆ ದಾಟುತ್ತಿವೆ. ಹೊಸದಾಗಿದ್ದಾಗ ಕೋಟಿಯ ಮಾತಾಗಿದ್ದ ಕಾರು ಹದಿನೈದು ವರ್ಷಗಳ ಮೇಲೆ ಮಧ್ಯಮ ವರ್ಗದ ಉತ್ಸಾಹಿಗೂ ಎಟುಕುವಂತೆ ತೋರುತ್ತದೆ. ಕೊಂಡ ಕೆಲವು ತಿಂಗಳಲ್ಲಿ ಎದುರಿನ ಫಲಕದ ಮೇಲೆ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದೆ. ಕಾರಣ ವಿಚಾರಿಸಲಾಗಿ, ಇದರ ಶಾಕ್‌ಅಬ್ಸಾರ್ಬರು ಸಾಮಾನ್ಯದ್ದಲ್ಲ, ವಿದ್ಯುನ್ಮಾನದ್ದು. ಒಂದರ ಬೆಲೆಗೆ ಸಾದಾ ಕಾರಿನ ನಾಲ್ಕೂ ಬಂದಾವು ಎಂಬ ಸಂಗತಿ ಆಗ ತಿಳಿಯುತ್ತದೆ. ಅಲ್ಲಿಂದ ಮುಂದೆ ಮಾಲೀಕನ ವಿವೇಕಕ್ಕೆ ಪರೀಕ್ಷೆ.

ಸ್ಪ್ರಿಂಗಿನ ಕುಣಿತ, ಎಣ್ಣೆಯ ಲಗಾಮು

ಹೆಸರಿನಿಂದ ತೋರುವಂತೆ ಹೊಡೆತವನ್ನು ನುಂಗುವುದು ಶಾಕ್‌ಅಬ್ಸಾರ್ಬರಿನ ಮುಖ್ಯ ಕೆಲಸವಲ್ಲ. ಆ ಕೆಲಸ ಸ್ಪ್ರಿಂಗಿನದು. ಎತ್ತಿನ ಗಾಡಿಗೆ ಸ್ಪ್ರಿಂಗಿಲ್ಲ. ಆದುದರಿಂದ ಕಲ್ಲಿನ ಏಟು ನೇರವಾಗಿ ಬೆನ್ನಿಗೆ ತಗಲುತ್ತದೆ. ಜಟಕಾಗಾಡಿಗೆ ಕಮಾನು ಪಟ್ಟಿಗಳಿದ್ದುವು. ಏಟು ಮೆತ್ತಗಾಯಿತು, ಆದರೆ ಗಾಡಿ ತೊನೆಯತೊಡಗಿತು. ಒಮ್ಮೆ ಅದುಮಿದ ಸ್ಪ್ರಿಂಗು ಮೇಲೆದ್ದು, ಕೆಳಗಿಳಿದು, ಮತ್ತೆ ಎದ್ದು, ತನ್ನ ಕುಣಿತವನ್ನು ಬಹಳ ಹೊತ್ತು ಮುಂದುವರಿಸುತ್ತದೆ. ಆ ಕುಣಿತಕ್ಕೆ ಲಗಾಮು ಹಾಕುವುದೇ ಶಾಕ್‌ಅಬ್ಸಾರ್ಬರಿನ ಧರ್ಮ.

ಎಣ್ಣೆ ತುಂಬಿದ ಉರುಳೆಯೊಳಗೆ ಪಿಸ್ಟನ್ನು ಮೇಲೆ ಕೆಳಗೆ ಸರಿಯುತ್ತದೆ. ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ನುಸುಳಬೇಕಾದುದರಿಂದ ಚಲನೆಗೆ ತಡೆ ಬೀಳುತ್ತದೆ. ಕುಣಿತದ ಶಕ್ತಿಯು ಶಾಖವಾಗಿ ಪರಿಣಮಿಸಿ ಗಾಳಿಗೆ ಹೋಗುತ್ತದೆ. ಇದರಿಂದ ಕುಳಿತವರಿಗೆ ಸುಖ. ಅದಕ್ಕಿಂತ ಮುಖ್ಯವಾಗಿ, ಟೈರು ನೆಲವನ್ನು ಬಿಡದೆ ಹಿಡಿದಿರುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಅಮಾವಾಸ್ಯೆಯಂದೋ ಶಿವರಾತ್ರಿಯಂದೋ ಕಾಲ್ನಡಿಗೆಯ ಭಕ್ತರು ಮಾದಪ್ಪನ ಹೆಸರು ಹೇಳಿಕೊಂಡು ಸಾಲುಗಟ್ಟಿ ನಡೆಯುವ ಘಟ್ಟದ ರಸ್ತೆಯಲ್ಲಿ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಧರ್ಮಸಂಕಟವುಂಟು. ರಂಧ್ರ ದೊಡ್ಡದಾದರೆ ಸವಾರಿ ಮೃದು, ಆದರೆ ತಿರುವಿನಲ್ಲಿ ಕಾರು ವಾಲುತ್ತದೆ. ರಂಧ್ರ ಕಿರಿದಾದರೆ ಕಾರು ನೆಲಕ್ಕೆ ಅಂಟಿಕೊಳ್ಳುತ್ತದೆ, ಆದರೆ ಪ್ರತಿಯೊಂದು ಗುಂಡಿಯೂ ಬೆನ್ನುಮೂಳೆಗೆ ವರದಿಯೊಪ್ಪಿಸುತ್ತದೆ. ಸಾದಾ ಶಾಕ್‌ಅಬ್ಸಾರ್ಬರು ಈ ಎರಡರ ನಡುವೆ ಒಂದು ರಾಜಿ. ಆ ರಾಜಿ ಒಪ್ಪಿಗೆಯಾಗದೆ ಇದ್ದುದರಿಂದಲೇ ವಿದ್ಯುತ್ತಿನ ಸಹಾಯವನ್ನು ಪಡೆಯಲಾಯಿತು.

ಮೂರು ಪೀಳಿಗೆಗಳು

ಮೊದಲನೆಯ ಪೀಳಿಗೆಯಲ್ಲಿ ಶಾಕ್‌ಅಬ್ಸಾರ್ಬರಿನ ನೆತ್ತಿಯ ಮೇಲೆ ಒಂದು ಪುಟ್ಟ ಮೋಟಾರನ್ನು ಕೂರಿಸಲಾಯಿತು. ಅದು ಒಳಗಿನ ಕಡ್ಡಿಯನ್ನು ತಿರುಗಿಸಿ ರಂಧ್ರವನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಜಪಾನಿನ ಟೊಯೋಟಾ ಕಂಪೆನಿಯು 1983ರಲ್ಲಿ ತನ್ನ ಸೋರಾರ್ ಕಾರಿಗೆ ಇಂತಹ ಏರ್ಪಾಡನ್ನು ಒದಗಿಸಿತು. ಅಮೆರಿಕದ ಕಾರ್ವೆಟ್ ಕಾರಿಗೆ 1989ರಿಂದ ಬಂದ ಎಫ್‌ಎಕ್ಸ್3 ಎಂಬ ಏರ್ಪಾಡೂ ಇದೇ ಜಾತಿಯದು. ಅದರ ಶಾಕ್‌ಅಬ್ಸಾರ್ಬರು ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆಯದು.

ಎರಡನೆಯ ಪೀಳಿಗೆಯಲ್ಲಿ ಮೋಟಾರಿನ ಬದಲು ಸೊಲೆನಾಯ್ಡ್ ಕವಾಟ ಬಂದಿತು. ತಂತಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚು ಕಡಿಮೆಯಾದಂತೆ ಎಣ್ಣೆಯ ದಾರಿಯೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. 2004ರಲ್ಲಿ ಹೊರಬಂದ, 997 ಎಂಬ ಅಂಕಿತದ ಪೋರ್ಷೆ 911 ಕಾರಿನ ಪಿಎಎಸ್‌ಎಂ ಎಂಬ ಏರ್ಪಾಡು ಈ ವರ್ಗಕ್ಕೆ ಸೇರಿದುದು.

ಮೂರನೆಯದು ಎಲ್ಲಕ್ಕಿಂತ ಸೋಜಿಗದ್ದು. ಇದರಲ್ಲಿ ಕವಾಟವೇ ಇಲ್ಲ, ಬದಲಾಗುವುದು ಎಣ್ಣೆಯೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಎಣ್ಣೆಯಲ್ಲಿ ಬೆರೆಸಿರುತ್ತಾರೆ. ಪಿಸ್ಟನ್ನಿನ ಸುರುಳಿತಂತಿಯಲ್ಲಿ ವಿದ್ಯುತ್ತು ಹರಿದೊಡನೆ ಆ ಕಣಗಳು ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಸರಪಳಿಗಟ್ಟುತ್ತವೆ, ಎಣ್ಣೆ ಗಟ್ಟಿಯಾಗುತ್ತದೆ. ವಿದ್ಯುತ್ತು ನಿಂತೊಡನೆ ಮತ್ತೆ ತೆಳುವಾಗುತ್ತದೆ. ಇಂತಹ ದ್ರವದ ಗುಣವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ಜೇಕಬ್ ರಾಬಿನೋ 1948ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದನು. ಆದರೆ ಅದು ಕಾರಿನ ಚಕ್ರದ ಬಳಿಗೆ ಬರಲು ಅರ್ಧ ಶತಮಾನವೇ ಹಿಡಿಯಿತು. ಮ್ಯಾಗ್ನರೈಡ್ ಎಂಬ ಹೆಸರಿನಲ್ಲಿ ಇದು 2002ರಲ್ಲಿ ಕ್ಯಾಡಿಲಾಕ್ ಸೆವಿಲ್ ಕಾರಿಗೂ, 2003ರಲ್ಲಿ ಕಾರ್ವೆಟ್‌ಗೂ, ಆ ಬಳಿಕ ಔಡಿ ಟಿಟಿ, ಔಡಿ ಆರ್8 ಮೊದಲಾದುವಕ್ಕೂ ಬಂದಿತು.

ಮೊದಲು ಗುರುತು, ಆಮೇಲೆ ಸ್ಪ್ಯಾನರು

ವೈದ್ಯನಿಗೆ ರೋಗನಿದಾನ ಹೇಗೋ ಇಲ್ಲಿ ಗುರುತು ಹಿಡಿಯುವುದು ಹಾಗೆ. ಒಂದೇ ಹೆಸರಿನ, ಒಂದೇ ವರ್ಷದ, ಒಂದೇ ಬಣ್ಣದ ಎರಡು ಕಾರುಗಳಲ್ಲಿ ಒಂದಕ್ಕೆ ವಿದ್ಯುನ್ಮಾನದ ಶಾಕ್‌ಅಬ್ಸಾರ್ಬರಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಮೇಲೆ ಹೇಳಿದ 997ರ ಸಂಗತಿಯನ್ನೇ ನೋಡಬಹುದು. ಕರೇರಾ ಎಸ್ ಎಂಬ ಮಾದರಿಗೆ ಪಿಎಎಸ್‌ಎಂ ಕಾರಿನೊಡನೆಯೇ ಬರುತ್ತಿತ್ತು. ಬರಿಯ ಕರೇರಾ ಕೊಂಡವನು ಬೇಕಾದರೆ ಹೆಚ್ಚಿನ ಹಣ ತೆತ್ತು ಹಾಕಿಸಿಕೊಳ್ಳಬೇಕಾಗಿತ್ತು. ಆದುದರಿಂದ ಕಾರಿನ ಹೆಸರನ್ನಷ್ಟೇ ಹೇಳಿ ಸಾಮಾನು ತರಿಸುವುದು ಹಣವನ್ನು ಹೊಳೆಗೆ ಹಾಕುವ ದಾರಿ.

ಗುರುತಿನ ಮೊದಲನೆಯ ಸಾಕ್ಷಿ ಕಾರ್ಖಾನೆಯ ಚೀಟಿ. ಕಾರಿಗೆ ಏನೇನು ಜೋಡಿಸಿ ಕಳುಹಿಸಲಾಯಿತೆಂಬುದನ್ನು ಕಾರ್ಖಾನೆಯವರು ಸಂಕೇತಗಳಲ್ಲಿ ಬರೆದು ಕಾರಿನೊಳಗೇ ಅಂಟಿಸಿರುತ್ತಾರೆ. ಪೋರ್ಷೆಯಲ್ಲಿ ಅದು ಮುಂದಿನ ಬಾನೆಟ್ಟಿನ ಒಳಮೈಯಲ್ಲಿ ಇರುತ್ತದೆ. 997ರ ಚೀಟಿಯಲ್ಲಿ 475 ಎಂಬ ಅಂಕಿ ಕಂಡರೆ ಪಿಎಎಸ್‌ಎಂ ಉಂಟೆಂದು ತಿಳಿಯಬೇಕು. ಕಾರ್ವೆಟ್‌ನಲ್ಲಿ ಮೂರಕ್ಷರದ ಸಂಕೇತಗಳ ಪಟ್ಟಿಯೊಂದಿದೆ. ಅದರಲ್ಲಿ ಎಫ್‌ಎಕ್ಸ್3 ಎಂದಿದ್ದರೆ ನೆತ್ತಿಯ ಮೋಟಾರಿನದು, ಎಫ್45 ಎಂದಿದ್ದರೆ 2002ರವರೆಗೆ ಬಂದ ವಿದ್ಯುತ್ ಕವಾಟದ್ದು, 2003 ಮತ್ತು 2004ರ ಕಾರಿನಲ್ಲಿ ಎಫ್55 ಎಂದಿದ್ದರೆ ಅಯಸ್ಕಾಂತ ದ್ರವದ್ದು. ಕಾರ್ವೆಟ್ ಭಾರತದಲ್ಲಿ ವಿರಳ. ಆದರೆ ಅಮೆರಿಕದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಅಪರಿಚಿತವಲ್ಲ.

ಎರಡನೆಯ ಸಾಕ್ಷಿ ಚಾಲಕನ ಕೈಯಳತೆಯಲ್ಲೇ ಇರುವ ಗುಂಡಿ. ಟೂರ್, ಸ್ಪೋರ್ಟ್ ಎಂದು ಬರೆದ ತಿರುಗುಗುಂಡಿಯೋ, ಶಾಕ್‌ಅಬ್ಸಾರ್ಬರಿನ ಚಿತ್ರವಿರುವ ಒತ್ತುಗುಂಡಿಯೋ ಇದ್ದರೆ ಅನುಮಾನ ಬಹುಮಟ್ಟಿಗೆ ನಿವಾರಣೆಯಾಯಿತು. ಆದರೆ ಬರಿಯ ಸ್ಪೋರ್ಟ್ ಎಂಬ ಗುಂಡಿ ಕೆಲವು ಕಾರುಗಳಲ್ಲಿ ಎಂಜಿನ್ನಿಗೂ ಗೇರಿಗೂ ಮಾತ್ರ ಸಂಬಂಧಿಸಿರುವುದುಂಟು, ಅದೊಂದನ್ನೇ ನಂಬುವಂತಿಲ್ಲ.

ಮೂರನೆಯ ಸಾಕ್ಷಿಯೇ ನಿರ್ಣಾಯಕ. ಕಾರನ್ನು ಎತ್ತಿ ನಿಲ್ಲಿಸಿ ಚಕ್ರದ ಹಿಂದೆ ದೀಪ ಹಿಡಿದು ನೋಡಬೇಕು. ಶಾಕ್‌ಅಬ್ಸಾರ್ಬರಿನ ಮೈಯಿಂದಲೋ ನೆತ್ತಿಯಿಂದಲೋ ತಂತಿ ಹೊರಟಿದ್ದರೆ ಅದು ವಿದ್ಯುನ್ಮಾನದ್ದು. ಅದರ ಮೈಮೇಲೆ ಕೊರೆದ ಭಾಗದ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಕಾರ್ಖಾನೆಯ ಚೀಟಿ ಹೇಳುವುದೊಂದು, ಚಕ್ರದ ಹಿಂದೆ ಕಾಣುವುದೊಂದು ಆದರೆ, ಹಿಂದಿನ ಮಾಲೀಕನು ಬದಲಾಯಿಸಿದ್ದಾನೆಂದೇ ಅರ್ಥ. ಕೊಳ್ಳುವ ಮೊದಲೇ ಇದು ಗೊತ್ತಾದರೆ ಬೆಲೆಯ ಮಾತು ಬೇರೆಯಾಗುತ್ತದೆ.

ಹನೂರಿನಲ್ಲಿ ದೀಪ ಹತ್ತಿದರೆ

ಮೈಸೂರಿನ ದಂಪತಿಗಳಿಬ್ಬರು ಇಂತಹದೊಂದು ಹಳೆಯ ಕಾರಿನಲ್ಲಿ ಮಲೆಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದಾರೆಂದು ಭಾವಿಸಬಹುದು. ಹನೂರು ಇನ್ನೇನು ಬಂದಿತೆನ್ನುವಾಗ ಫಲಕದಲ್ಲಿ ಹಳದಿ ದೀಪ.

“ಏನೂಂದ್ರೆ, ಆ ದೀಪ ಯಾಕೆ ಹತ್ತಿಕೊಂಡಿತು?”

“ಹಳೆಯ ಗಾಡಿ ಕಣೇ, ಎಲ್ಲೋ ತಂತಿ ಸಡಿಲವಾಗಿರಬೇಕು. ಓಡುತ್ತಿದೆಯಲ್ಲ!”

“ಓಡುವುದು ಸರಿ, ಇಳಿಯುವಾಗ ನಿಲ್ಲಬೇಕಲ್ಲ?”

ಗೃಹಿಣಿಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ವಿದ್ಯುತ್ ಸಂಪರ್ಕ ತಪ್ಪಿದಾಗ ಎಲ್ಲ ಏರ್ಪಾಡುಗಳೂ ಒಂದೇ ರೀತಿ ವರ್ತಿಸುವುದಿಲ್ಲ. ನೆತ್ತಿಯ ಮೋಟಾರಿನದು ಕೊನೆಗೆ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಕವಾಟದ್ದು ಸಾಮಾನ್ಯವಾಗಿ ತಯಾರಕರು ಮೊದಲೇ ಗೊತ್ತುಮಾಡಿದ ಗಡಸುತನಕ್ಕೆ ಹೋಗುತ್ತದೆ. ಅಯಸ್ಕಾಂತ ದ್ರವದ್ದು ತೀರ ಮೃದುವಾಗುತ್ತದೆ. ಕಾರು ದೋಣಿಯಂತೆ ತೊನೆಯಬಹುದು. ಇದನ್ನು ತಯಾರಕರು ಲಘುವಾಗಿ ಎಣಿಸಿಲ್ಲ. ಕಾರ್ವೆಟ್‌ನಲ್ಲಿ ಇಂತಹ ದೋಷ ಕಂಡಾಗ ಗಂಟೆಗೆ 80 ಮೈಲಿ, ಎಂದರೆ ಸುಮಾರು 129 ಕಿಲೋಮೀಟರನ್ನು ಮೀರಬಾರದೆಂಬ ಸೂಚನೆಯೇ ಫಲಕದ ಮೇಲೆ ಮೂಡುವುದುಂಟು. ಅಮೆರಿಕದ ಅಗಲ ಹೆದ್ದಾರಿಗೆ ಆ ಮಿತಿಯಾದರೆ, ತಾಳಬೆಟ್ಟದ ಮೇಲಣ ಮುರಿವುಗಳಿಗೆ ಎಷ್ಟೆಂಬುದನ್ನು ಚಾಲಕನೇ ಊಹಿಸಬೇಕು.

ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ ನಾಲ್ಕು ಚಕ್ರಗಳ ಹಿಂಬದಿಯನ್ನೂ ನೋಡುವುದು ಮೊದಲ ಕರ್ತವ್ಯ. ಉರುಳೆಯ ಮೇಲೆ ಎಣ್ಣೆಯ ತೆಳುವಾದ ಪಸೆಯಿದ್ದರೆ ಅದು ಅಷ್ಟು ಭಯಪಡಬೇಕಾದುದಲ್ಲ; ಎಣ್ಣೆ ಹನಿಯುತ್ತಿದ್ದರೆ, ಧೂಳು ಮೆತ್ತಿ ಕೆಸರಾಗಿದ್ದರೆ ಅದರ ಆಯುಸ್ಸು ತೀರಿತು. ಹಾಗಿದ್ದಲ್ಲಿ ಅಂದು ಬೆಟ್ಟದ ಯಾತ್ರೆಯನ್ನು ಬಸ್ಸಿನಲ್ಲಿ ಮಾಡಿ, ಕಾರನ್ನು ನಿಧಾನವಾಗಿ ಕೊಳ್ಳೇಗಾಲಕ್ಕೆ ಹಿಂದಿರುಗಿಸುವುದು ಜಾಣತನ. ದೇವರ ದರ್ಶನಕ್ಕೆ ಇಂತಹ ಕಾರೇ ಬೇಕೆಂಬ ಕಟ್ಟಳೆಯೇನೂ ಇಲ್ಲ.

ದೀಪ ಹತ್ತಿದ ಮಾತ್ರಕ್ಕೆ ಶಾಕ್‌ಅಬ್ಸಾರ್ಬರೇ ಕೆಟ್ಟಿತೆಂದು ತೀರ್ಮಾನಿಸುವುದೂ ತಪ್ಪು. ಇಂತಹ ಹಲವು ಕಾರುಗಳಲ್ಲಿ ಚಕ್ರದ ಏರಿಳಿತವನ್ನು ಅಳೆಯುವ ಸೆನ್ಸಾರ್‌ಗಳಿರುತ್ತವೆ. ಒಂದು ಸಣ್ಣ ಕಡ್ಡಿಯ ಮೂಲಕ ಅವು ಚಕ್ರದ ತೋಳಿಗೆ ಜೋಡಿಸಿಕೊಂಡಿರುತ್ತವೆ. ಕಲ್ಲು ಬಡಿದು ಆ ಕಡ್ಡಿ ಕಳಚಿದರೂ ಅದೇ ದೀಪ ಹತ್ತುತ್ತದೆ. ತಂತಿಯ ಕೊಂಡಿಯೊಳಗೆ ಕೆಸರುನೀರು ಸೇರಿ ಕಿಲುಬು ಹಿಡಿದರೂ ಅಷ್ಟೆ. ಮೊದಲ ಪೀಳಿಗೆಯ ಕಾರ್ವೆಟ್‌ಗಳಲ್ಲಿ ಶಾಕ್‌ಅಬ್ಸಾರ್ಬರು ಗಟ್ಟಿಯಾಗಿಯೇ ಇದ್ದು, ನೆತ್ತಿಯ ಮೋಟಾರಿನೊಳಗಣ ಪ್ಲಾಸ್ಟಿಕ್ ಹಲ್ಲುಚಕ್ರ ಮಾತ್ರ ಸೀಳುವುದು ಸಾಮಾನ್ಯವಾದ ಕಾಯಿಲೆ. ಅಲ್ಪ ಬೆಲೆಯ ದೋಷಕ್ಕೆ ಲಕ್ಷದ ಔಷಧವನ್ನು ಕೊಂಡವರಿಗೆ ಕೊರತೆಯಿಲ್ಲ.

ಆದುದರಿಂದ ಕಾರಿನ ಕಂಪ್ಯೂಟರಿನಲ್ಲಿ ಅಡಗಿರುವ ದೋಷಸಂಕೇತವನ್ನು ಓದಿಸಬೇಕು. ಪೇಟೆಯಲ್ಲಿ ದೊರೆಯುವ ಅಗ್ಗದ ಉಪಕರಣಗಳು ಬಹುಮಟ್ಟಿಗೆ ಎಂಜಿನ್ನಿನ ದೋಷವನ್ನಷ್ಟೇ ಓದುತ್ತವೆ. ಆಯಾ ತಯಾರಿಕೆಗೆ ತಕ್ಕ ಉಪಕರಣವಿರುವ ಕಾರ್ಯಾಗಾರಕ್ಕೆ ಹೋಗಬೇಕು. ಸಂಕೇತವು ಒಂದು ಚಕ್ರವನ್ನು ತೋರಿಸಿದ ಮೇಲೆ ಮಲ್ಟಿಮೀಟರಿನಿಂದ ಆ ಶಾಕ್‌ಅಬ್ಸಾರ್ಬರಿನ ಸುರುಳಿಯ ತಡೆಯನ್ನೂ, ಅದೇ ಅಚ್ಚಿನ ಮತ್ತೊಂದು ಬದಿಯದನ್ನೂ ಅಳೆದು ಹೋಲಿಸಬೇಕು. ಎರಡೂ ಸಮವಿದ್ದರೆ ತಪ್ಪು ತಂತಿಯಲ್ಲಿರಬಹುದು. ಒಂದರಲ್ಲಿ ಸಂಪರ್ಕವೇ ಇಲ್ಲವೆಂದು ತೋರಿದರೆ ಅಪರಾಧಿ ಸಿಕ್ಕಿದಂತೆಯೇ ಸರಿ.

ಬದಲಿಸುವ ಕ್ರಮ

ಕೊಳ್ಳೇಗಾಲದ ಮೆಕ್ಯಾನಿಕ್ಕನಿಗೆ ಜೀಪು, ಟೆಂಪೋಗಳ ಶಾಕ್‌ಅಬ್ಸಾರ್ಬರು ನೀರು ಕುಡಿದಷ್ಟು ಸುಲಭ. ವಿದ್ಯುನ್ಮಾನದ್ದೆಂದ ಮಾತ್ರಕ್ಕೆ ನಟ್ಟು ಬೋಲ್ಟುಗಳ ಕೆಲಸ ಬೇರೆಯಾಗುವುದಿಲ್ಲ. ಆದರೆ ಕೆಲವು ಎಚ್ಚರಿಕೆಗಳು ಅವಶ್ಯ.

ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ಕೈ ಚಾಚಕೂಡದು. ಗಟ್ಟಿನೆಲದ ಮೇಲೆ ಸ್ಟ್ಯಾಂಡು ಕೊಟ್ಟು ನಿಲ್ಲಿಸಬೇಕು. ತಂತಿಯ ಕೊಂಡಿ ಬಿಚ್ಚುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸುವುದು ಲೇಸು. ಹೆಚ್ಚಿನ ಕಾರುಗಳಲ್ಲಿ ಸುರುಳಿ ಸ್ಪ್ರಿಂಗು ಶಾಕ್‌ಅಬ್ಸಾರ್ಬರನ್ನೇ ಸುತ್ತಿಕೊಂಡಿರುತ್ತದೆ. ಅದುಮಿಟ್ಟ ಆ ಸ್ಪ್ರಿಂಗು ಬಿಟ್ಟರೆ ಬಾಣ. ಅದನ್ನು ಹಿಡಿದಿಡುವ ಸರಿಯಾದ ಉಪಕರಣವಿಲ್ಲದೆ ನೆತ್ತಿಯ ನಟ್ಟನ್ನು ಮುಟ್ಟಲೇಬಾರದು. ಮೇಲೆ ಹೇಳಿದ ಕಾರ್ವೆಟ್‌ಗಳಲ್ಲಿ ಈ ಭಯ ಕಡಮೆ. ಅವುಗಳಲ್ಲಿ ಸುರುಳಿಯ ಬದಲು ಗಾಜಿನ ನಾರಿನಿಂದ ಮಾಡಿದ ಅಡ್ಡ ಕಮಾನು ಪಟ್ಟಿಯಿದೆ. ಜಟಕಾಗಾಡಿಯ ತತ್ವವೇ ಅಲ್ಲಿ ಹೊಸ ವೇಷ ತೊಟ್ಟಿದೆ. ಶಾಕ್‌ಅಬ್ಸಾರ್ಬರು ಬೇರೆಯಾಗಿಯೇ ಕಳಚಿ ಬರುತ್ತದೆ.

ಹೊಸದನ್ನು ಕೂರಿಸುವಾಗ ತಂತಿ ತಿರುಚಿಕೊಳ್ಳದಂತೆ, ಚಕ್ರಕ್ಕೆ ತಾಗದಂತೆ ಹಳೆಯ ದಾರಿಯಲ್ಲೇ ಕಟ್ಟಬೇಕು. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಾರು ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಭಾರವು ಚಕ್ರದ ಮೇಲೆ ಕುಳಿತ ಬಳಿಕ, ಕೈಪಿಡಿ ಹೇಳಿದಷ್ಟೇ ಬಿಗಿಯನ್ನು ಟಾರ್ಕ್ ರೆಂಚಿನಿಂದ ಕೊಡಬೇಕು. ಇಲ್ಲವಾದರೆ ಹೊಸ ರಬ್ಬರು ಬೇಗ ಹರಿಯುತ್ತದೆ. ಒಂದೇ ಬದಿಯದನ್ನು ಬದಲಿಸುವುದು ಒಂದು ಕಾಲಿಗೆ ಹೊಸ ಚಪ್ಪಲಿ ಹಾಕಿದಂತೆ. ಮುಂದಿನದಾದರೆ ಮುಂದಿನ ಎರಡು, ಹಿಂದಿನದಾದರೆ ಹಿಂದಿನ ಎರಡು ಎಂಬುದೇ ಕ್ರಮ. ಕೊನೆಗೆ ದೋಷಸಂಕೇತವನ್ನು ಅಳಿಸಿ, ಅಗತ್ಯವಿದ್ದಲ್ಲಿ ಕಾರಿನ ಎತ್ತರವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ತೆಗೆದ ಹಳೆಯದರಲ್ಲಿ ಒತ್ತಡದ ಅನಿಲವಿರಬಹುದಾದ್ದರಿಂದ ಅದನ್ನು ಕೊರೆಯುವುದಾಗಲಿ ಬೆಂಕಿಗೆ ಹಾಕುವುದಾಗಲಿ ಅಪಾಯ.

ಅಗ್ಗದ ಆಮಿಷ

ಸಾದಾ ಶಾಕ್‌ಅಬ್ಸಾರ್ಬರಿಗೆ ಈ ನಾಡಿನಲ್ಲಿ ಬರವಿಲ್ಲ. 1961ರಲ್ಲಿ ಸ್ಥಾಪನೆಯಾದ ಗೇಬ್ರಿಯಲ್ ಇಂಡಿಯಾದ ಒಂದು ಕಾರ್ಖಾನೆ ಕನ್ನಡಿಗರ ನೆರೆಯ ಹೊಸೂರಿನಲ್ಲೇ ಇದೆ. ಆದರೆ ಜರ್ಮನಿಯ ಅಥವಾ ಅಮೆರಿಕದ ಹಳೆಯ ಸ್ಪೋರ್ಟ್ಸ್ ಕಾರಿನ ವಿದ್ಯುನ್ಮಾನದ ಶಾಕ್‌ಅಬ್ಸಾರ್ಬರು ಸಾಮಾನ್ಯವಾಗಿ ಹೊರದೇಶದಿಂದಲೇ ಬರಬೇಕು. ಬೆಲೆಯ ಮೇಲೆ ಸುಂಕ, ಸುಂಕದ ಮೇಲೆ ಕಾಯುವ ತಿಂಗಳುಗಳು. ಆಗ ಯಾರೋ ಒಬ್ಬರು ಬಂದು ಹೇಳುತ್ತಾರೆ: “ಸಾರ್, ನಾಲ್ಕಕ್ಕೂ ಸಾದಾದ್ದು ಹಾಕಿಬಿಡೋಣ. ದೀಪ ಉರಿಯದ ಹಾಗೆ ಒಂದು ಪುಟ್ಟ ಪೆಟ್ಟಿಗೆ ಕೊಡುತ್ತೇನೆ.”

ಈ ಮಾತಿನಲ್ಲಿ ಅರ್ಧ ನ್ಯಾಯವಿದೆ. ಆ ಕಾರಿಗೆಂದೇ ಹೆಸರುವಾಸಿ ತಯಾರಕರು ಮಾಡಿದ ಸಾದಾ ಶಾಕ್‌ಅಬ್ಸಾರ್ಬರು ದೊರೆತರೆ, ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ, ಕಾರು ಸುರಕ್ಷಿತವಾಗಿಯೇ ಓಡಬಲ್ಲದು. ಸೋರುವ ವಿದ್ಯುನ್ಮಾನಕ್ಕಿಂತ ಗಟ್ಟಿಮುಟ್ಟಾದ ಸಾದಾದು ಸಾವಿರ ಪಾಲು ಮೇಲು. ಎರಡು ವಿದ್ಯುನ್ಮಾನ, ಎರಡು ಸಾದಾ ಎಂಬ ಬೆರಕೆ ಮಾತ್ರ ಕೂಡದು. ಹಳೆಯ ಉರುಳೆಯನ್ನೇ ಬಿಚ್ಚಿ ಮುದ್ರೆ ಬದಲಿಸಿ ಹೊಸ ಎಣ್ಣೆ ತುಂಬುವ ನುರಿತವರಿದ್ದರೆ ಅದೂ ಒಂದು ದಾರಿ. ಆದರೆ ಕಬ್ಬಿಣದ ಕಣಗಳ ದ್ರವವಿರುವುದಕ್ಕೆ ಬೇರೆ ಎಣ್ಣೆ ಸುರಿದರೆ ಅದರ ಜೀವವೇ ಹೋಯಿತು.

ಮಿಕ್ಕರ್ಧದಲ್ಲಿ ಮೋಸವಡಗಿದೆ. ಶಾಕ್‌ಅಬ್ಸಾರ್ಬರು ಇನ್ನೂ ಇದೆಯೆಂದು ಕಂಪ್ಯೂಟರನ್ನು ನಂಬಿಸುವ ಪೆಟ್ಟಿಗೆಯು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ ಮೇಲೆ ಒಂದು ಸಾಧನ; ಸತ್ತುಹೋದ ಶಾಕ್‌ಅಬ್ಸಾರ್ಬರನ್ನು ಹಾಗೆಯೇ ಬಿಟ್ಟು ದೀಪವನ್ನು ಮಾತ್ರ ಆರಿಸಿದರೆ ಅದೇ ಪೆಟ್ಟಿಗೆ ಒಂದು ಅಪರಾಧ. ಮುಂದೆ ಆ ಕಾರನ್ನು ಕೊಳ್ಳುವವನಿಗೆ ಫಲಕ ಶುಭ್ರವಾಗಿ ಕಾಣುತ್ತದೆ. ಅವನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಶ್ಚಿಂತೆಯಿಂದ ಘಟ್ಟ ಇಳಿಯುತ್ತಾನೆ. ಎಚ್ಚರಿಸಬೇಕಾಗಿದ್ದ ನಾಲಗೆಯನ್ನು ಹಿಂದಿನವನು ಮೊದಲೇ ಕತ್ತರಿಸಿರುತ್ತಾನೆ.

ಇಂತಹ ಬದಲಾವಣೆಗೆ ಕಾನೂನಿನ ಮಗ್ಗುಲೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟನ್ನು ಕುರಿತದ್ದು. ಮೂಲದಿಂದ ಬೇರೆಯಾದುದನ್ನು ಜೋಡಿಸುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿಕೊಳ್ಳುವುದು ಕ್ಷೇಮ. ಏನು ತೆಗೆದರು, ಏನು ಹಾಕಿದರು, ಭಾಗದ ಸಂಖ್ಯೆಯೇನು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿ ಕಾರಿನ ಕಾಗದಗಳೊಡನೆ ಇಡಬೇಕು. ಮಾರುವ ದಿನ ಆ ಬಿಲ್ಲನ್ನು ಕೊಳ್ಳುವವನ ಕೈಗೆ ಕೊಡಬೇಕು. ಅದರಿಂದ ಬೆಲೆ ಕೊಂಚ ಇಳಿಯಬಹುದು. ಆದರೆ ಘಟ್ಟ ಇಳಿಯುವವನಿಗೆ ತನ್ನ ಚಕ್ರದ ಹಿಂದೆ ಏನಿದೆಯೆಂಬುದು ತಿಳಿದಿರುತ್ತದೆ.